ರೋಬಾಟಿಕ್ಸ್ ಟೀಮಿನ ದುಡ್ಡು ಅರ್ಧ ಸೀಸನ್ನಿಗೇ ಖಾಲಿ, ಮುಂದಿನ ವರ್ಷ ಹೆಂಗೆ ನಡೆಸೋದು?

ಹೊಸ ಕೋಚ್

ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ಹೋದ ವರ್ಷ ನಮ್ಮ ರೋಬಾಟಿಕ್ಸ್ ಟೀಮ್ ನೋಡ್ಕೋತಿದ್ದ ಸರ್ ಬೇರೆ ಕಡೆ ಹೋದ್ರು, ಸ್ಟಾಫ್ ಮೀಟಿಂಗಲ್ಲಿ ಇನ್ಯಾರು ನೋಡ್ಕೋತೀರಿ ಅಂದಾಗ ಎಲ್ರೂ ತಲೆ ತಗ್ಗಿಸಿ ಕೂತಿದ್ರು, ನಾನೊಬ್ಬಳು ಗಡಿಯಾರ ನೋಡೋಕೆ ತಲೆ ಎತ್ತಿದೆ, ಅಷ್ಟೇ, ಟೀಮ್ ಕೊರಳಿಗೆ ಬಿತ್ತು. ಕೈಗೆ ಸಿಕ್ಕಿದ್ದು ಒಂದು ಕಪಾಟಿನ ಕೀ, ಯಾವಾಗ ತಗೊಂಡಿದ್ದು ಅಂತ ಬರೆದೇ ಇಲ್ಲದ ಮೂರು ಬ್ಯಾಟರಿ, ಮತ್ತೆ 'ಬಜೆಟ್ ಫೈನಲ್ ಹೊಸದು 2' ಅನ್ನೋ ಒಂದು ಎಕ್ಸೆಲ್ ಫೈಲು, ಅದರೊಳಗೆ ಎರಡೇ ಸಾಲು.

ನಾವು ಆಡೋದು ಎಫ್‌ಆರ್‌ಸಿ, ಅಂದ್ರೆ ಫಸ್ಟ್ ಅನ್ನೋ ಸಂಸ್ಥೆ ಹೈಸ್ಕೂಲ್ ಮಕ್ಕಳಿಗೆ ನಡೆಸೋ ದೊಡ್ಡ ರೋಬೋ ಸ್ಪರ್ಧೆ. 23 ಮಕ್ಕಳಿದ್ದಾರೆ. ಜನವರಿಯಲ್ಲಿ ಗೇಮ್ ಅನೌನ್ಸ್ ಆಯ್ತು, ಫೆಬ್ರವರಿ ಮಧ್ಯಕ್ಕೆ ದುಡ್ಡು ಸೊನ್ನೆ. ಎರಡನೇ ಈವೆಂಟ್ ಬಿಟ್ಟೇಬಿಟ್ವಿ. ಒಬ್ಬ ಹುಡುಗನ ತಂದೆ ಮೋಟರ್ ಕಂಟ್ರೋಲರುಗಳನ್ನ ತಮ್ಮ ಕಾರ್ಡಲ್ಲೇ ತರಿಸಿಕೊಟ್ರು, ಆ ದುಡ್ಡು ಇವತ್ತಿಗೂ ಅವರಿಗೆ ವಾಪಸ್ ಹೋಗಿಲ್ಲ, ಆಫೀಸಲ್ಲಿ ಕೇಳಿದ್ರೆ ಹಳೇ ಸರ್ ಸಹಿ ಬೇಕು ಅಂತಾರೆ. ಹೋದ ಒಂದು ಈವೆಂಟಲ್ಲಿ ರೋಬೋ ನಾಲ್ಕು ಮ್ಯಾಚಲ್ಲಿ ನಡುಮೈದಾನದಲ್ಲೇ ನಿಂತುಬಿಡ್ತು. ವೈರಿಂಗ್ ಮಕ್ಕಳು ಕೋಡ್ ಸರಿ ಇಲ್ಲ ಅಂತಾರೆ, ಕೋಡಿಂಗ್ ಮಕ್ಕಳು ವೈರಿಂಗ್ ಸರಿ ಇಲ್ಲ ಅಂತಾರೆ.

ಕೇಳೋದು ಮೂರು: ದುಡ್ಡು ಎಲ್ಲಿಂದ ತರೋದು, ಇದನ್ನ ಬಿಟ್ಟು ಅದೇ ಸಂಸ್ಥೆಯ ಚಿಕ್ಕ ರೋಬೋ ಸ್ಪರ್ಧೆ ಎಫ್‌ಟಿಸಿಗೆ ಇಳಿಯೋದು ಒಳ್ಳೇದಾ, ಮತ್ತೆ 23 ಮಕ್ಕಳಲ್ಲಿ 6 ಜನ ಕೆಲಸ ಮಾಡಿ ಉಳಿದವರು ಫೋನ್ ನೋಡ್ತಾ ಕೂರೋದನ್ನ ಹೆಂಗೆ ತಪ್ಪಿಸೋದು.

ಹಳೇ ಬೋಲ್ಟು

ಮೇಡಂ, 14 ವರ್ಷದಿಂದ ಮೆಂಟರ್ ಆಗಿದೀನಿ, ಎರಡು ಟೀಮ್ ಕಣ್ಣೆದುರಿಗೇ ಮುಚ್ಚಿಹೋಗಿದ್ದು ನೋಡಿದೀನಿ, ಅದಕ್ಕೆ ನೇರವಾಗಿ ಹೇಳ್ತೀನಿ. ದುಡ್ಡು ನಿಮ್ಮ ಮೊದಲನೇ ಪ್ರಾಬ್ಲಂ ಅಲ್ಲ. ಆ ಎರಡು ಟೀಮಲ್ಲಿ ಒಂದಕ್ಕೆ ಮುಚ್ಚೋ ದಿನ ಅಕೌಂಟಲ್ಲಿ ಒಳ್ಳೇ ಮೊತ್ತ ಇತ್ತು, ಆದ್ರೆ ಎಲ್ಲಾ ಗೊತ್ತಿದ್ದಿದ್ದು ಒಬ್ಬರಿಗೇ, ಅವರು ಹೋದ್ರು, ಪಾಸ್‌ವರ್ಡ್ ಹೋಯ್ತು, ಸ್ಪಾನ್ಸರ್ ಫೋನ್ ನಂಬರ್ ಹೋಯ್ತು, ಮಾರನೇ ವರ್ಷ ಟೀಮೇ ಇಲ್ಲ. ನಿಮಗೂ ಅದೇ ಆಗಿರೋದು, ಪುಣ್ಯಕ್ಕೆ ನೀವು ತಲೆ ಎತ್ತಿದ್ರಿ ಅಷ್ಟೇ. ರಿಜಿಸ್ಟ್ರೇಷನ್ನಲ್ಲೇ ಇಬ್ಬರು ಲೀಡ್ ಕೋಚ್ ಹೆಸರು ಕೇಳ್ತಾರಲ್ಲ, ಎರಡನೇ ಹೆಸರನ್ನ ಸುಮ್ನೆ ಕಾಲಂ ತುಂಬೋಕೆ ಹಾಕಬೇಡಿ, ನೀವು ನಾಳೆ ಜ್ವರ ಬಂದು ಮಲಗಿದ್ರೆ ಬ್ಯಾಂಕ್, ಕಪಾಟು, ಮೇಲ್ ಮೂರನ್ನೂ ತೆಗೆಯೋಕೆ ಬರೋ ಮನುಷ್ಯ ಆಗಿರಬೇಕು.

ಇನ್ನು ಬಜೆಟ್. ಒಂದೇ ಹಾಳೆ ಮಾಡಿ, ವರ್ಕ್‌ಶಾಪ್ ಗೋಡೆಗೆ ಅಂಟಿಸಿ, ಮಕ್ಕಳು ದಿನಾ ನೋಡ್ಲಿ. ಅದರಲ್ಲಿ ಮೂರು ಗೆರೆ. ಮೊದಲನೇದು ಬದುಕೋ ಗೆರೆ: ರಿಜಿಸ್ಟ್ರೇಷನ್, ಒಂದು ಈವೆಂಟಿಗೆ ಹೋಗಿಬರೋದು, ರಿಪೇರಿ ಸಾಮಾನು, ಬ್ಯಾಟರಿ. ಎರಡನೇದು ಚೆನ್ನಾಗಿ ಆಡೋ ಗೆರೆ: ಎರಡನೇ ಈವೆಂಟ್, ಪ್ರಾಕ್ಟೀಸ್ ಮಾಡೋಕೆ ಮೈದಾನದ ಒಂದೆರಡು ಭಾಗ, ಸ್ಪೇರ್ ಮೋಟರ್. ಮೂರನೇದು ಆಸೆಯ ಗೆರೆ: ಸ್ವರ್ವ್ ಡ್ರೈವ್ (ಒಂದೊಂದು ಚಕ್ರನೂ ಯಾವ ದಿಕ್ಕಿಗಾದ್ರೂ ತಿರುಗೋ ವ್ಯವಸ್ಥೆ), ಹೊಸ ಮಿಲ್ಲಿಂಗ್ ಮೆಷಿನ್ನು, ಟೀ ಶರ್ಟು, ಏನ್ ಬೇಕೋ. ಮೊದಲ ಗೆರೆಗೆ ದುಡ್ಡು ಬರೋ ತನಕ ಮೂರನೇ ಗೆರೆಯ ಒಂದು ಸ್ಕ್ರೂನೂ ತರಿಸಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ರೂ ಹೇಳ್ತಾರೆ, ಹಾಸಿಗೆ ಎಷ್ಟುದ್ದ ಅಂತ ಅಳೆದು ಗೋಡೆಗೆ ಬರೆಯೋರು ಮಾತ್ರ ಇಲ್ಲ.

ಒಂದು ವಿಷ್ಯ ಹೊಸಬರಿಗೆ ಯಾರೂ ಹೇಳಲ್ಲ. ಸೋತ್ರೆ ಖರ್ಚಿಲ್ಲ, ಗೆದ್ರೆ ಖರ್ಚು! ಚಾಂಪಿಯನ್‌ಶಿಪ್ಪಿಗೆ ಕ್ವಾಲಿಫೈ ಆದ್ರೆ ಹೊಸ ಫೀಸು, ಪ್ರಯಾಣ, ವಸತಿ, ಎಲ್ಲಾ ಕೆಲವೇ ವಾರದಲ್ಲಿ ಹೊಂದಿಸಬೇಕು. ನಾವು ಒಮ್ಮೆ ಗೆದ್ದು ಕಪ್ ಹಿಡ್ಕೊಂಡು ವಾಪಸ್ ಬರ್ತಾ ಬಸ್ಸಲ್ಲಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿದ್ವಿ, ಮಕ್ಕಳು ಹಾಡು ಹೇಳ್ತಿದ್ರು, ದೊಡ್ಡವರಿಗೆ ಮಾತೇ ಇಲ್ಲ. ಅದಕ್ಕೇ 'ಗೆದ್ದರೆ' ಅಂತ ಒಂದು ಸಾಲು ಬೇರೆ ಇಟ್ಟು, ಅಂಥ ಸಂದರ್ಭ ಬಂದ್ರೆ ಮಾತ್ರ ಕೊಡ್ತೀವಿ ಅಂತ ಒಪ್ಪೋ ಒಬ್ಬ ಸ್ಪಾನ್ಸರನ್ನ ಮುಂಚೇನೇ ಮಾತಾಡಿಸಿಟ್ಟುಕೊಳ್ಳಿ.

ಮಾಜಿ ಡ್ರೈವರ್

ರೋಬೋ ನಿಂತಾಗ ಲೈಟುಗಳು ಉರೀತಿದ್ವಾ ಆರಿಹೋದ್ವಾ? ಅದು ಮೊದಲು ಹೇಳಿ. ಎರಡಕ್ಕೂ ಕಾಯಿಲೆ ಬೇರೆ ಬೇರೆ.

ಹೊಸ ಕೋಚ್

ಪೂರ್ತಿ ಆರಿಹೋದ್ವು ಅಂತ ಮಕ್ಕಳು ಹೇಳ್ತಾರೆ. ಆಮೇಲೆ ತಾನೇ ಹತ್ತಿಕೊಂಡ್ವು, ಆದ್ರೆ ರೇಡಿಯೋ ಎದ್ದು ಕನೆಕ್ಟ್ ಆಗೋ ಹೊತ್ತಿಗೆ ಮ್ಯಾಚೇ ಮುಗಿದಿತ್ತು.

ಮಾಜಿ ಡ್ರೈವರ್

ಹಂಗಾದ್ರೆ ಕೋಡ್ ಮಕ್ಕಳಿಗೆ ಸಾರಿ ಹೇಳಿಸಿ 😄 ಕೋಡ್ ತಪ್ಪಾದ್ರೆ ಲೈಟ್ ಆರಲ್ಲ. ವೋಲ್ಟೇಜ್ ಕುಸಿದು ಬ್ರೌನ್‌ಔಟ್ ಆದ್ರೂ ಮೋಟರ್ ಕಟ್ ಆಗಿ ರೋಬೋ ಬಿಕ್ಕಳಿಸುತ್ತೆ, ಆದ್ರೆ ಕಂಟ್ರೋಲರ್ ಬದುಕಿರುತ್ತೆ. ಪೂರ್ತಿ ಆರೋದು ಅಂದ್ರೆ ಕರೆಂಟೇ ಹೋಗಿದೆ. ಮೇನ್ ಬ್ರೇಕರ್‌ನ ಕೆಂಪು ಬಟನ್ ಹೊರಗಡೆ ಚಾಚಿಕೊಂಡಿದ್ಯಾ ನೋಡಿ, ನಮ್ದು ಒಂದ್ಸಲ ಎದುರಾಳಿ ರೋಬೋ ಕೈ ತಾಗಿ ಆಫ್ ಆಗಿತ್ತು. ಆದ್ರೆ ಬಟನ್ ಒತ್ತಿ ಆಫ್ ಆಗಿದ್ರೆ ತಾನೇ ವಾಪಸ್ ಆನ್ ಆಗಲ್ಲ. ನಿಮ್ದು ತಾನೇ ಎದ್ದಿದೆ ಅಂದ್ರೆ ಎಲ್ಲೋ ಲೂಸ್ ಇದೆ. ಬ್ಯಾಟರಿ ಕೇಬಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.

ಫಿಸಿಕ್ಸ್ ಮೇಷ್ಟ್ರು

ಲೂಸ್ ಅಂದ್ರೆ ಏನಾಗುತ್ತೆ ಅಂತ ಮಕ್ಕಳಿಗೆ ಬೋರ್ಡ್ ಮೇಲೆ ಹಾಕಿ ತೋರಿಸಿ, ನೀವು ಹೆಂಗೂ ಗಣಿತದವರು. ಬ್ಯಾಟರಿ 12 ವೋಲ್ಟು, ಫುಲ್ ಚಾರ್ಜ್ ಆಗಿದ್ರೆ 12.5ರ ಮೇಲಿರುತ್ತೆ. ಒಳ್ಳೇ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಸುಮಾರು 0.015 ಓಮ್. ರೋಬೋ ಜೋರಾಗಿ ಇನ್ನೊಂದನ್ನ ತಳ್ಳುವಾಗ 200 ಆಂಪ್ ಎಳೀತು ಅಂತಿಟ್ಕೊಳ್ಳಿ (ಬ್ರೇಕರ್ 120 ಆಂಪಿಂದು, ಆದ್ರೆ ಅದು ಬಿಸಿ ಆದ್ಮೇಲೆ ಬೀಳೋ ಜಾತಿ, ಸ್ವಲ್ಪ ಹೊತ್ತು ಜಾಸ್ತಿ ಎಳೆದ್ರೂ ತಡ್ಕೊಳ್ಳುತ್ತೆ). 200 ಸಲ 0.015 ಅಂದ್ರೆ 3 ವೋಲ್ಟ್ ಅಲ್ಲೇ ಹೋಯ್ತು, ಉಳಿದಿದ್ದು 9.5. ಈಗ ಟರ್ಮಿನಲ್ ನಟ್ಟು ಅರ್ಧ ಸುತ್ತು ಸಡಿಲ ಆಗಿ ಅಲ್ಲಿ ಬರೀ 0.02 ಓಮ್ ಸೇರ್ಕೊಂಡ್ರೆ ಇನ್ನೂ 4 ವೋಲ್ಟ್ ಹೋಗುತ್ತೆ, ಉಳಿಯೋದು 5.5. ಅಷ್ಟರಲ್ಲಿ ಕಂಟ್ರೋಲರ್ ಮೋಟರ್‌ಗಳನ್ನ ಬಿಟ್ಟುಬಿಟ್ಟಿರುತ್ತೆ. ಮತ್ತೆ ಆ ಸಡಿಲ ಜಾಗದಲ್ಲಿ 800 ವ್ಯಾಟ್ ಶಾಖ, ಅಂದ್ರೆ ಒಂದು ಇಸ್ತ್ರಿಪೆಟ್ಟಿಗೆಯನ್ನ ಆ ನಟ್ಟಿನ ಮೇಲೆ ಇಟ್ಟಂಗೆ. ಗುದ್ದಿದಾಗ ಪೂರ್ತಿ ಬಿಟ್ಟುಕೊಂಡ್ರೆ ಎಲ್ಲಾ ಲೈಟೂ ಆರುತ್ತೆ, ನಿಮಗಾಗಿದ್ದು ಅದೇ ಇರಬೇಕು.

ಹದಿನೈದು ವರ್ಷದ ಮಕ್ಕಳು ಓಮ್ಸ್ ಲಾ ಬಾಯಿಪಾಠ ಹೇಳ್ತಾರೆ, ಆದ್ರೆ ಒಂದು ನಟ್ಟಿಂದ ಸೋತ ಮ್ಯಾಚು ನೋಡಿದ್ಮೇಲೆ ಅದನ್ನ ಸಾಯೋ ತನಕ ಮರೆಯಲ್ಲ.

ಅಡ್ಡ ಪ್ರಶ್ನೆ

ಎಲ್ಲಾ ಸರಿ ಸ್ವಾಮಿ, ಮೂಲ ಪ್ರಶ್ನೆಗೆ ಬನ್ನಿ. ಎಫ್‌ಆರ್‌ಸಿ ಅನ್ನೋದು ದುಡ್ಡಿರೋ ಸ್ಕೂಲುಗಳ ಆಟ. ಒಂದು ರೋಬೋ ಕಟ್ಟಿ, ಕೆಲವೇ ವಾರ ಆಡಿ, ಮಾರನೇ ವರ್ಷ ಹೊಸ ಗೇಮು ಅಂತ ಅದನ್ನ ಬಿಚ್ಚಿಹಾಕೋದು. ಎಫ್‌ಟಿಸಿ ಅಥವಾ ಅಂಥದ್ದೇ ಇನ್ನೊಂದು ಸ್ಪರ್ಧೆ ವೆಕ್ಸ್ ಆದ್ರೆ ರೋಬೋ 18 ಇಂಚಿನ ಡಬ್ಬದಲ್ಲಿ ಹಿಡಿಸುತ್ತೆ, ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ಹೋಗಬಹುದು, ಮೆಷಿನ್ ಶಾಪ್ ಬೇಡ, ಮೇಜಿನ ಮೇಲೆ ಕೆಲಸ ನಡೆಯುತ್ತೆ, ಖರ್ಚು ಹಲವು ಪಟ್ಟು ಕಮ್ಮಿ, ಅದೇ ಬಿಡಿಭಾಗ ಮುಂದಿನ ವರ್ಷಕ್ಕೂ ಬರುತ್ತೆ. ಮೇಡಂ ಇಳಿಯೋದೇ ಒಳ್ಳೇದು. 'ಇಳಿಯೋದು' ಅನ್ನೋ ಪದಾನೇ ನನಗೆ ಇಷ್ಟ ಇಲ್ಲ, ಅದೇನು ಮೆಟ್ಟಿಲಾ?

ಹಳೇ ಬೋಲ್ಟು

ಪದದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಎಫ್‌ಟಿಸಿ ಟೀಮಿಗೆ 15 ಮಕ್ಕಳೇ ಮ್ಯಾಕ್ಸಿಮಮ್, ಇವರ ಹತ್ರ 23 ಇದ್ದಾರೆ, ಅಂದ್ರೆ ಎರಡು ಟೀಮು, ಎರಡು ಕಿಟ್ಟು, ಎರಡು ಟೀಮ್ ನೋಡ್ಕೊಳ್ಳೋ ದೊಡ್ಡವರು. ದುಡ್ಡು ಉಳಿಯುತ್ತೆ ನಿಜ, ದೊಡ್ಡವರ ಸಮಯ ಉಳಿಯಲ್ಲ. ನಮ್ಮಲ್ಲಿ ಯಾವಾಗಲೂ ಮೊದಲು ಖಾಲಿ ಆಗೋದು ಅದೇ.

ಈ ಆಟಕ್ಕೆ ದುಡ್ಡಿರೋ ಸ್ಕೂಲೇ ಬೇಕು ಅನ್ನೋದನ್ನ ಮಾತ್ರ ಒಪ್ಪಲ್ಲ. ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಫಸ್ಟ್ ಸಂಸ್ಥೆ ಶುರು ಮಾಡಿ, 1992ರಲ್ಲಿ ಮೊದಲ ಸ್ಪರ್ಧೆ ನಡೆದಾಗ ಇದ್ದಿದ್ದು 28 ಟೀಮು, ಒಂದು ಹೈಸ್ಕೂಲ್ ಜಿಮ್ಮಲ್ಲಿ. ಈಗ ದೊಡ್ಡ ಟೀಮುಗಳ ಪಿಟ್ (ಈವೆಂಟಲ್ಲಿ ರೋಬೋ ರಿಪೇರಿ ಮಾಡೋ ಜಾಗ) ನೋಡಿದ್ರೆ ಕಾರ್ ಶೋರೂಂ ತರ ಇದೆ ಅನ್ನೋದು ನಿಜ. ಆದ್ರೆ ಅದೇ ದೊಡ್ಡ ಟೀಮುಗಳಲ್ಲಿ ಒಂದಾದ 118ನೇ ನಂಬರಿನ ಟೀಮು, ರೋಬೋನಾಟ್ಸ್, ಪ್ರತಿ ವರ್ಷ ಎವ್ರಿಬಾಟ್ ಅಂತ ಒಂದು ಸರಳ ರೋಬೋ ಡಿಸೈನ್ ಮಾಡಿ ಡ್ರಾಯಿಂಗು, ಕೋಡು ಎಲ್ಲಾ ಫ್ರೀಯಾಗಿ ಹಾಕುತ್ತೆ, ಸಾಧಾರಣ ಕೈ ಟೂಲ್ಸಲ್ಲಿ ಕಟ್ಟೋ ಹಂಗೆ. ಅದನ್ನ ಮೂರು ವಾರದಲ್ಲಿ ಕಟ್ಟಿ ಉಳಿದ ಟೈಮೆಲ್ಲಾ ಡ್ರೈವರಿಗೆ ಓಡಿಸೋಕೆ ಕೊಟ್ಟ ಟೀಮು, ಕೊನೇ ರಾತ್ರಿ ತನಕ ವೆಲ್ಡಿಂಗ್ ಮಾಡ್ತಿರೋ ಟೀಮನ್ನ ಸೋಲಿಸೋದು ನಾನೇ ಎಷ್ಟೋ ಸಲ ನೋಡಿದೀನಿ. ಸಾಫ್ಟ್‌ವೇರ್ ವಿಷಯಕ್ಕೆ ಬಂದ್ರೆ ರೋಬೋ ಕೋಡ್ ಬರೆಯೋಕೆ ಡಬ್ಲ್ಯುಪಿಐಲಿಬ್ ಓಪನ್ ಸೋರ್ಸ್, ಡಿಸೈನ್ ಮಾಡೋಕೆ ಆನ್‌ಶೇಪ್ ಶಿಕ್ಷಣಕ್ಕೆ ಫ್ರೀ.

ಇನ್ನೊಂದು, ಮೊದಲು ಆರು ವಾರ ಆದ್ಮೇಲೆ ರೋಬೋನ ಚೀಲಕ್ಕೆ ಹಾಕಿ ಸೀಲ್ ಮಾಡಬೇಕಿತ್ತು, ಆ ನಿಯಮ 2019ರ ಸೀಸನ್ನಿಗೆ ಕೊನೆ ಆಯ್ತು. ಎಲ್ರೂ ಖುಷಿಪಟ್ರು, ನಾನೂ. ಆಮೇಲೆ ಗೊತ್ತಾಯ್ತು ಆ ಚೀಲ ರೋಬೋಗಲ್ಲ, ನಮ್ಮ ಸಂಸಾರಕ್ಕೆ ಇದ್ದ ರಕ್ಷಣೆ ಅಂತ! ಈಗ ಕೊನೇ ಈವೆಂಟಿನ ತನಕ ಕೆಲಸ ಮುಗಿಯೋದೇ ಇಲ್ಲ. ಮೇಡಂ, ವಾರಕ್ಕೆ ಇಷ್ಟೇ ದಿನ, ಇಷ್ಟು ಗಂಟೆಗೆ ಬಾಗಿಲು ಹಾಕ್ತೀವಿ ಅಂತ ಮೊದಲ ದಿನಾನೇ ಬರೆದು ಹಾಕಿ.

ಅಂದಹಾಗೆ ಸ್ಪೇರ್ ರೋಬೋರಿಯೋ, ಅಂದ್ರೆ ರೋಬೋ ನಡೆಸೋ ಕಂಟ್ರೋಲರು, ತಗೋಬೇಕು ಅಂತಿದ್ರೆ ಸ್ವಲ್ಪ ತಡೀರಿ, 2027ರ ಸೀಸನ್ನಿಂದ ಕಂಟ್ರೋಲರೇ ಬದಲಾಗುತ್ತೆ ಅಂತ ಘೋಷಣೆ ಆಗಿದೆ.

ಅಡ್ಡ ಪ್ರಶ್ನೆ

ಹೌದು, 'ಇದನ್ನೇ ಇಟ್ಕೊಂಡ್ರೆ ಸಾಕು, ಎಷ್ಟೋ ವರ್ಷ ಬರುತ್ತೆ' ಅಂತ ಹೇಳಿ ತಗೊಂಡು ಕೈ ಸುಟ್ಕೊಂಡೋನು ನಾನು. ಲೆಗೋ ಮೈಂಡ್‌ಸ್ಟಾರ್ಮ್ಸ್ ರೋಬೋ ಕಿಟ್ಟು ಒಂದು ರಾಶಿ ತಗೊಂಡಿದ್ದೆ, 2022ರ ಕೊನೆಗೆ ನಿಲ್ಲಿಸೇಬಿಟ್ರು. ಎವ್ರಿಬಾಟ್ ವಿಷ್ಯ ಗೊತ್ತಿರಲಿಲ್ಲ, ನೋಡ್ತೀನಿ.

ಚೆಕ್ ಬರೆಯೋನು

ನಾನು ಮೇಜಿನ ಆಚೆ ಕಡೆಯವನು. ನಮ್ಮ ಕಂಪನಿಯಲ್ಲಿ ಇಂಥ ಅರ್ಜಿಗಳನ್ನ ನೋಡೋ ಕಮಿಟಿಯಲ್ಲಿ ಕೆಲವು ವರ್ಷ ಕೂತಿದ್ದೆ. ಬರೋ ಮೇಲುಗಳಲ್ಲಿ ಮುಕ್ಕಾಲು ಪಾಲು ಹಿಂಗೆ ಶುರು ಆಗುತ್ತೆ: ನಾವು ಭವಿಷ್ಯದ ಇಂಜಿನಿಯರುಗಳು, ದಯವಿಟ್ಟು ಪ್ರೋತ್ಸಾಹಿಸಿ. ಕೆಳಗೆ ಗೋಲ್ಡು, ಸಿಲ್ವರು, ಬ್ರಾಂಜು, ಇಷ್ಟು ಕೊಟ್ರೆ ಲೋಗೋ ಇಷ್ಟು ದೊಡ್ಡದು. ನಮಗೆ ಲೋಗೋ ಬೇಡ ಸ್ವಾಮಿ, ಎರಡೂವರೆ ನಿಮಿಷ ಓಡಾಡೋ ರೋಬೋದ ಪಕ್ಕೆ ಮೇಲೆ ಇರೋ ಲೋಗೋ ಯಾರು ಓದ್ತಾರೆ.

ನನಗೆ ಇವತ್ತಿಗೂ ನೆನಪಿರೋದು ಒಂದೇ ಟೀಮು. ರೋಬೋನ ಆಫೀಸಿಗೇ ತಂದಿದ್ರು. ನಾಲ್ಕು ಮಕ್ಕಳು, ಒಬ್ಬ ಮೇಷ್ಟ್ರು, ಮೇಷ್ಟ್ರು ಹಿಂದೆ ಕುರ್ಚಿಯಲ್ಲಿ ಕೂತು ಬಾಯೇ ಬಿಡಲಿಲ್ಲ. ರೋಬೋ ಒಂದು ಸುತ್ತು ಓಡಿ ನಿಂತೋಯ್ತು. ನಮ್ಮ ಮ್ಯಾನೇಜರು ಗಡಿಯಾರ ನೋಡಿದ್ರು. ಒಬ್ಬ ಹುಡುಗಿ ಮೊಣಕಾಲೂರಿ ಕೂತು, ಪಕ್ಕದ ತಗಡು ಬಿಚ್ಚಿ, 'ಸಾರ್ ಇಲ್ಲಿ ಚೈನ್ ಜಾರಿದೆ, ಇದನ್ನ ನಾವು ಟೆನ್ಷನರ್ ಇಲ್ಲದೆ ಮಾಡಿದ್ವಿ, ಯಾಕಂದ್ರೆ ತೂಕ ಉಳಿಸಬೇಕಿತ್ತು, ಅದು ತಪ್ಪು ಅಂತ ಈಗ ಗೊತ್ತಾಗ್ತಿದೆ' ಅಂತ ಹೇಳ್ತಾ ಹೇಳ್ತಾನೇ ಚೈನ್ ಏರಿಸಿದ್ಳು, ಕೈಯೆಲ್ಲಾ ಗ್ರೀಸು, ಆಮೇಲೆ ಎದ್ದು ಆ ಕೈಯನ್ನ ಮ್ಯಾನೇಜರಿಗೆ ಶೇಕ್‌ಹ್ಯಾಂಡಿಗೆ ಚಾಚಿ, ತಟ್ಟನೆ ಹಿಂದಕ್ಕೆ ಎಳ್ಕೊಂಡ್ಳು. ಮ್ಯಾನೇಜರೇ ಕೈ ಹಿಡಿದು ಕುಲುಕಿದ್ರು. ಕೇಳಿದ್ದಕ್ಕಿಂತ ಜಾಸ್ತಿ ಮಂಜೂರಾಯ್ತು.

ಪ್ರಾಕ್ಟಿಕಲ್ ಆಗಿ ಹೇಳೋದಾದ್ರೆ, ಕಂಪನಿಗಳ ವರ್ಷದ ಬಜೆಟ್ ತಿಂಗಳುಗಟ್ಟಲೆ ಮುಂಚೆ ಫಿಕ್ಸ್ ಆಗಿರುತ್ತೆ, ಜನವರಿಯಲ್ಲಿ ಗೇಮ್ ಬಂದ್ಮೇಲೆ ಕೇಳೋಕೆ ಬಂದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ. ಸೀಸನ್ ಮುಗಿದ ತಕ್ಷಣವೇ ಮುಂದಿನ ವರ್ಷದ್ದು ಕೇಳಿ. ಎರಡನೇದು, ದುಡ್ಡು ಇಲ್ಲ ಅಂದವರ ಹತ್ರ ಬೇರೆ ಏನಾದ್ರೂ ಇರುತ್ತೆ. ಲೇಸರ್ ಕಟಿಂಗ್ ಮಾಡೋ ಫ್ಯಾಕ್ಟರಿ ಉಳಿದ ಅಲ್ಯುಮಿನಿಯಂ ಶೀಟು ಕೊಡಬಹುದು, ಸಾಗಾಣಿಕೆಯವರು ಒಂದು ಗಾಡಿ ಕೊಡಬಹುದು, ಒಬ್ಬ ಇಂಜಿನಿಯರನ್ನ ವಾರಕ್ಕೆ ಎರಡು ಗಂಟೆ ಕಳಿಸಬಹುದು. ಕೆಲವು ಕಂಪನಿಗಳಲ್ಲಿ ಉದ್ಯೋಗಿ ವಾಲಂಟಿಯರ್ ಮಾಡಿದ ಗಂಟೆಗೆ ಲೆಕ್ಕ ಹಾಕಿ ಕಂಪನಿನೇ ದೇಣಿಗೆ ಕೊಡೋ ಪದ್ಧತಿ ಇದೆ, ನಿಮ್ಮ ಪೇರೆಂಟ್ಸಲ್ಲಿ ಯಾರ ಆಫೀಸಲ್ಲಿ ಇದೆ ಅಂತ ಒಂದು ಫಾರ್ಮ್ ಕಳಿಸಿ ಕೇಳಿ.

ಮೂರನೇದು, ಕೊಟ್ಟಾದ್ಮೇಲೆ ಏನಾಯ್ತು ಅಂತ ಹೇಳಿ. ಸೋತ್ರೂ ಹೇಳಿ. ದುಡ್ಡು ತಗೊಂಡು ಹೋದವರಲ್ಲಿ ಅರ್ಧ ಜನ ಮತ್ತೆ ಮಾತಾಡಿಸೋದು ಮುಂದಿನ ವರ್ಷ ಕೇಳೋಕೆ ಬಂದಾಗಲೇ.

ಲೆಕ್ಕದ ಅಪ್ಪ

ಆ ಕಾರ್ಡ್ ಕೊಟ್ಟ ತಂದೆ ವಿಷಯ ಯಾರೂ ಎತ್ತಲಿಲ್ಲ. ನಾನು ಒಂದು ಟೀಮಿನ ಖಜಾಂಚಿ, ನನ್ನ ಮಗಳು ಟೀಮ್ ಬಿಟ್ಟು ಕಾಲೇಜಿಗೆ ಹೋದ್ರೂ ನಾನು ಇಲ್ಲೇ ಉಳಿದೆ. ಮೇಡಂ, ಎಲ್ಲಕ್ಕಿಂತ ಮೊದಲು ಅವರ ದುಡ್ಡು ವಾಪಸ್ ಕೊಡಿಸಿ. ಹೊಸ ಸ್ಪಾನ್ಸರ್ ಹುಡುಕೋಕೆ ಮುಂಚೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಒಬ್ಬ ಪೇರೆಂಟಿಗೆ ಬಾಕಿ ಇದೆ ಅಂತ ಗೊತ್ತಾದ್ರೆ ಉಳಿದ ಪೇರೆಂಟ್ಸ್ ಯಾರೂ ಜೇಬಿಗೆ ಕೈ ಹಾಕಲ್ಲ.

ನಮ್ಮಲ್ಲೂ ಹಂಗೇ ಆಗಿತ್ತು, ಸ್ಕೂಲ್ ಅಕೌಂಟಲ್ಲಿ ದುಡ್ಡು ಇದೆ ಅಂತ ಗೊತ್ತು, ಆದ್ರೆ ಒಂದು ಬೇರಿಂಗ್ ತರಿಸೋಕೂ ಅರ್ಜಿ, ಮೂರು ಕೊಟೇಶನ್ನು, ಎರಡು ವಾರ. ಆರು ವಾರದ ಸೀಸನ್ನಲ್ಲಿ ಎರಡು ವಾರ ಅಂದ್ರೆ ಮುಗೀತು. ಆಮೇಲೆ ನಾವು ಮಾಡಿದ್ದು, ದೊಡ್ಡ ಖರ್ಚು, ಅಂದ್ರೆ ರಿಜಿಸ್ಟ್ರೇಷನ್, ಪ್ರಯಾಣ, ಇವೆಲ್ಲಾ ಸ್ಕೂಲ್ ಮೂಲಕವೇ, ಅದಕ್ಕೆ ಟೈಮ್ ಇರುತ್ತೆ. ಸಣ್ಣ ತುರ್ತು ಖರ್ಚಿಗೆ ಪೇರೆಂಟ್ಸ್ ಸಂಘದ ಹೆಸರಲ್ಲಿ ಬೇರೆ ಅಕೌಂಟ್, ಇಬ್ಬರ ಸಹಿ, ಆ ಇಬ್ಬರು ಗಂಡ ಹೆಂಡತಿ ಆಗಿರಬಾರದು (ನಗಬೇಡಿ, ಆಗಿತ್ತು). ಅದಕ್ಕೂ ಸ್ಕೂಲಿನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಕದ್ದುಮುಚ್ಚಿ ಮಾಡಬೇಡಿ. ಬಿಲ್ ಫೋಟೋ ಅದೇ ದಿನ ಗ್ರೂಪಿಗೆ ಹಾಕದಿದ್ರೆ ದುಡ್ಡು ಇಲ್ಲ. ಲೆಕ್ಕದ ಶೀಟು ಮಕ್ಕಳೂ ನೋಡೋ ಹಂಗೆ ಓಪನ್ ಇಡಿ, ಒಂದು ಮೋಟರ್ ಸುಟ್ಟರೆ ಎಷ್ಟು ಅಂತ ಗೊತ್ತಾದ್ಮೇಲೆ ನಮ್ಮ ಮಕ್ಕಳು ಮೋಟರ್ ಮುಟ್ಟಿ ಬಿಸಿ ನೋಡೋಕೆ ಶುರು ಮಾಡಿದ್ರು.

ದಾನ ಬಂದಾಗ ಒಂದು ಪ್ರಶ್ನೆ ಕೇಳಿ: ಇದನ್ನ ಯಾವುದಕ್ಕೆ ಬೇಕಾದ್ರೂ ಬಳಸಬಹುದಾ? ಕೆಲವು ಗ್ರಾಂಟು ಸಲಕರಣೆಗೆ ಮಾತ್ರ ಅಂತಿರುತ್ತೆ. ನಾವು ಒಂದು ವರ್ಷ ಹೊಸ 3ಡಿ ಪ್ರಿಂಟರ್ ಎದುರಿಗಿಟ್ಕೊಂಡು ಬಸ್ಸಿಗೆ ದುಡ್ಡಿಲ್ಲದೆ ಕೂತಿದ್ವಿ.

ಮಾಜಿ ಡ್ರೈವರ್

ಮೂರನೇ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರೆ ಆ ಫೋನ್ ನೋಡ್ತಾ ಕೂತಿದ್ದೋರಲ್ಲಿ ನಾನೂ ಒಬ್ಬ. 9ನೇ ಕ್ಲಾಸಲ್ಲಿ ಸೇರಿದೆ, ಮೂರು ತಿಂಗಳು ಸೀನಿಯರುಗಳ ಹಿಂದೆ ನಿಂತು ಬೆನ್ನು ನೋಡಿದ್ದೇ ನೋಡಿದ್ದು. ಅವರು ಕೆಟ್ಟವರಲ್ಲ, ಟೈಮ್ ಇಲ್ಲ, ಹೇಳಿಕೊಡೋಕಿಂತ ತಾವೇ ಮಾಡೋದು ಬೇಗ. ಒಂದಿನ ನಮ್ಮ ಮೆಂಟರ್ ಒಂದು ಲೇಬಲ್ ಮಷಿನ್ ಕೈಗೆ ಕೊಟ್ಟು, ಬ್ಯಾಟರಿಗಳು ಇವತ್ತಿಂದ ನಿಂದು ಅಂದ್ರು. ಒಂದೊಂದಕ್ಕೂ ನಂಬರು, ತಗೊಂಡ ವರ್ಷ, ಯಾವ ಮ್ಯಾಚಿಗೆ ಹೋಯ್ತು, ಬಂದಾಗ ವೋಲ್ಟೇಜ್ ಎಷ್ಟು, ಎಲ್ಲಾ ಬರೀಬೇಕು. ಆರು ಕೆಜಿ ಹತ್ರ ತೂಕ ಒಂದೊಂದು, ಎತ್ತಿ ಎತ್ತಿ ಕೈ ಬಿದ್ದೋಯ್ತು. ಆದ್ರೆ ಒಂದು ಈವೆಂಟಲ್ಲಿ ಕ್ಯಾಪ್ಟನ್ ನನ್ನ ಹತ್ರ ಬಂದು 'ಫೈನಲಿಗೆ ಯಾವುದು ಹಾಕ್ಲಿ' ಅಂತ ಕೇಳಿದ ನೋಡಿ, ಅವತ್ತಿಂದ ಫೋನ್ ಬ್ಯಾಗಲ್ಲೇ.

ಜನವರಿಯಲ್ಲಿ ಯಾರಿಗೂ ಏನೂ ಕಲಿಸೋಕಾಗಲ್ಲ. ಸೆಪ್ಟೆಂಬರಿಂದ ಡಿಸೆಂಬರ್ ತನಕ ಹಳೇ ರೋಬೋ ಬಿಚ್ಚಿ ಕಟ್ಟಿಸಿ. ಕ್ರಿಂಪಿಂಗ್ (ವೈರ್ ತುದಿಗೆ ಲೋಹದ ತುಣುಕು ಒತ್ತಿ ಕೂರಿಸೋದು) ಒಂದಿನ, ವೈರ್ ಬಣ್ಣ ಒಂದಿನ, ಡ್ರಿಲ್ ಒಂದಿನ, ಕನ್ನಡಕ ಹಾಕದೆ ಒಳಗೆ ಬಂದ್ರೆ ಹೊರಗೆ. ಕಟ್ಟೋಕೆ ಇಷ್ಟ ಇಲ್ಲದವರೂ ಇರ್ತಾರೆ, ಅವರಿಗೆ ಸ್ಪಾನ್ಸರ್ ಪತ್ರ, ಫೋಟೋ, ಚಿಕ್ಕ ಮಕ್ಕಳಿಗೆ ಡೆಮೋ. ಫಸ್ಟಲ್ಲಿ ಅತಿ ದೊಡ್ಡ ಗೌರವ ಅಂತ ಎಣಿಸೋ ಇಂಪ್ಯಾಕ್ಟ್ ಅವಾರ್ಡ್, 2023ರ ಸೀಸನ್ನಿಗೆ ಮುಂಚೆ ಚೇರ್ಮನ್ಸ್ ಅವಾರ್ಡ್ ಅಂತಿತ್ತು, ಅದು ರೋಬೋ ಚೆನ್ನಾಗಿ ಓಡಿದ್ದಕ್ಕೆ ಕೊಡೋದಲ್ಲ, ಟೀಮು ಸುತ್ತಲ ಜನಕ್ಕೆ ಏನು ಮಾಡ್ತು ಅನ್ನೋದಕ್ಕೆ. ಅದಕ್ಕೆ ಬರೆದ ಪ್ರಬಂಧಾನೇ ಸ್ವಲ್ಪ ತಿದ್ದಿ ಸ್ಪಾನ್ಸರಿಗೂ ಕಳಿಸಬಹುದು.

ಹೊಸ ಕೋಚ್

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ.

ಇಲ್ಲಿ ಓದಿದ ಮಾರನೇ ದಿನಾನೇ ಮೂರು ಬ್ಯಾಟರಿ ಮೇಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಬಂದು ಕೇಬಲ್ ಹಿಡಿದು ತಿರುಗಿಸಿ ಅಂದೆ. ಮೊದಲನೇದು ಅಲುಗಲಿಲ್ಲ. ಎರಡನೇದರ ಕೆಂಪು ಕೇಬಲ್ ಗಡಿಯಾರದ ಮುಳ್ಳಿನ ತರ ಸುತ್ತಿಬಿಡ್ತು, ರೂಮಲ್ಲಿ ಒಂದು ನಿಮಿಷ ಉಸಿರಿಲ್ಲ. ಟೇಪ್ ಬಿಚ್ಚಿದ್ರೆ ಒಳಗೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಅಂಚು ನೀಲಿ ಆಗಿತ್ತು. ನಾಲ್ಕೂ ಮ್ಯಾಚು ಅದೇ ಬ್ಯಾಟರಿನಾ ಅಂದ್ರೆ ಯಾರಿಗೂ ಗೊತ್ತಿಲ್ಲ, ಬರೆದಿಟ್ಟಿದ್ರೆ ತಾನೇ. ಮೂರನೇ ಬ್ಯಾಟರಿ ಚಾರ್ಜೇ ಹಿಡೀತಿಲ್ಲ, ರಜೆಯೆಲ್ಲಾ ಖಾಲಿ ಬಿಟ್ಟಿದ್ರಂತೆ. ಫಿಸಿಕ್ಸ್ ಮೇಷ್ಟ್ರ ಲೆಕ್ಕ ಬೋರ್ಡ್ ಮೇಲೆ ಹಾಕಿದೆ, 800 ವ್ಯಾಟ್ ಬಂದಾಗ ವೈರಿಂಗ್ ಹುಡುಗ ಎದ್ದು ಕೋಡಿಂಗ್ ಹುಡುಗಿ ಹತ್ರ ಹೋಗಿ ಏನೋ ಪಿಸುಗುಟ್ಟಿದ, ನಾನು ಕೇಳಿಸ್ಕೊಂಡಿಲ್ಲ ಅನ್ನೋ ತರ ಇದ್ದೆ.

ಆ ತಂದೆಗೆ ದುಡ್ಡು ಹೋಯ್ತು. ನಾಲ್ಕು ಸಲ ಆಫೀಸಿಗೆ ಹೋದೆ, ಐದನೇ ಸಲ ಹಳೇ ಸರನ್ನೇ ಫೋನಲ್ಲಿ ಹಿಡಿದು ಪತ್ರ ತರಿಸ್ಕೊಂಡೆ. ಎರಡನೇ ಕೋಚ್ ಆಗೋಕೆ ಅವರೇ ಒಪ್ಪಿದ್ದಾರೆ, ಆ ತಂದೆ! ಎಫ್‌ಆರ್‌ಸಿಯಲ್ಲೇ ಉಳೀತೀವಿ, ಎವ್ರಿಬಾಟ್ ಕಟ್ಟೋದು ಅಂತ ಮಕ್ಕಳು ವೋಟ್ ಹಾಕಿದ್ರು, ಪರ 14, ವಿರೋಧ 9, ಸೋತ 9 ಜನ ಇನ್ನೂ ಸ್ವರ್ವ್ ಬೇಕು ಅಂತ ಗೊಣಗ್ತಿದ್ದಾರೆ. ಮೂರು ಗೆರೆಯ ಹಾಳೆ ಗೋಡೆ ಮೇಲಿದೆ, ಸ್ವರ್ವ್ ಅನ್ನೋದನ್ನ ಯಾರೋ ಮೂರನೇ ಗೆರೆಯಿಂದ ಎರಡನೇ ಗೆರೆಗೆ ಬಾಣ ಹಾಕಿ ಎಳೆದಿದ್ದಾರೆ.

ಒಂದು ಫ್ಯಾಕ್ಟರಿಯವರು ಮುಂದಿನ ವಾರ ರೋಬೋ ತಗೊಂಡು ಬನ್ನಿ ಅಂದಿದ್ದಾರೆ. ಮಾತಾಡೋಕೆ ನಾಲ್ಕು ಮಕ್ಕಳು ತಯಾರಾಗ್ತಿದ್ದಾರೆ, ನಾನು ಹಿಂದೆ ಕುರ್ಚಿಯಲ್ಲಿ ಕೂರೋದು ಅಂತ ತೀರ್ಮಾನ ಆಗಿದೆ. ಒಂದೇ ಡೌಟು, ಅಲ್ಲಿಗೆ ಒಯ್ಯೋಕೆ ಈಗ ನೆಚ್ಚೋ ಹಂಗಿರೋದು ಒಂದೇ ಬ್ಯಾಟರಿ. ಆ ನೀಲಿ ಆಗಿರೋ ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದ್ರೆ ಆ ಬ್ಯಾಟರಿ ಸ್ಪೇರ್ ಆಗಿ ನಡೆಯುತ್ತಾ?

ಹಳೇ ಬೋಲ್ಟು

ಕೇಬಲ್ಲೇ ಪೂರ್ತಿ ಬದಲಾಯಿಸಿ, 6 ಗೇಜ್, ಬಿಸಿ ತಿಂದ ತಾಮ್ರ ನಂಬಬೇಡಿ. ಬ್ಯಾಟರಿಯ ಟರ್ಮಿನಲ್ ಬುಡದಲ್ಲಿ ಪ್ಲಾಸ್ಟಿಕ್ ಕರಗಿದ ಗುರುತು ಅಥವಾ ಬಿರುಕು ಇದ್ರೆ ಬ್ಯಾಟರಿನೂ ಪಕ್ಕಕ್ಕಿಡಿ. ಇಲ್ಲದಿದ್ರೆ ಹೊಸ ಕೇಬಲ್ ಹಾಕಿ, ನೈಲಾನ್ ಲಾಕ್‌ನಟ್ ಬಿಗಿದು, ಟೇಪ್ ಸುತ್ತೋಕೆ ಮುಂಚೆ ಒಬ್ಬರು ಬಿಗಿದಿದ್ದನ್ನ ಇನ್ನೊಬ್ಬರು ಎಳೆದು ನೋಡ್ಲಿ. ಚಾರ್ಜರ್ 6 ಆಂಪ್ ಮೇಲೆ ಹೋಗಬಾರದು. ಇವತ್ತು ರಾತ್ರಿ ಚಾರ್ಜಿಗೆ ಹಾಕಿ ಬಿಟ್ಟು ಹೋಗಬೇಡಿ, ಹಗಲು ಯಾರಾದ್ರೂ ಇರುವಾಗ ಹಾಕಿ.

ಮಾಜಿ ಡ್ರೈವರ್

ಮತ್ತೆ ಅದಕ್ಕೊಂದು ನಂಬರ್ ಬರೀರಿ ಮೇಡಂ!!

ಹೊಸ ಕೋಚ್

ಬರೆದಾಯ್ತು. ಫೋನ್ ನೋಡ್ತಿದ್ದೋರಲ್ಲಿ ಒಬ್ಬಳಿಗೆ ಲೇಬಲ್ ಮಷಿನ್ ಕೊಟ್ಟೆ, ಬ್ಯಾಟರಿಗೆ ಹಾಕಿ ಮುಗಿಸಿ ಈಗ ಕಪಾಟು, ಕುರ್ಚಿ, ನನ್ನ ನೀರಿನ ಬಾಟಲಿ ಎಲ್ಲದಕ್ಕೂ ಅಂಟಿಸ್ತಿದ್ದಾಳೆ.